ಅಭ್ಯರ್ಥಿಯ ಪುಟಕ್ಕೆ ಯಾವ ಫೋಟೋ?

ಹಿಂದಿನ ಒಂದು ವಿಧಾನಸಭಾ ಚುನಾವಣೆಯ ಮತದಾನಕ್ಕೆ ಇನ್ನು 12 ದಿನಗಳಿವೆ ಎನ್ನುವಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೇರಳದ ಗಡಿಜಿಲ್ಲೆ ಕಾಸರಗೋಡಿನ ಕುಂಬಳೆಯಿಂದ ಬೈಕಿನಲ್ಲಿ ನಮ್ಮ ಮನೆಗೆ ಬಂದ. ಜಗಲಿಯಲ್ಲಿ ಕುಳಿತವನು ತಂದಿಟ್ಟ ಬೆಲ್ಲ-ನೀರನ್ನು ಮುಟ್ಟದೆ, ಮೊಬೈಲನ್ನು ನನ್ನ ಮುಂದೆ ಹಿಡಿದು, “ಮಾಷ್ಟ್ರೇ, ನೀವು ವಿಕಿಪೀಡಿಯದಲ್ಲಿ ಬರೆಯುವವರಲ್ಲವೇ? ಇದನ್ನೊಮ್ಮೆ ನೋಡಿ” ಎಂದ.

ಪರದೆಯಲ್ಲಿ ಇಬ್ಬರು ಅಭ್ಯರ್ಥಿಗಳ ಪುಟಗಳಿದ್ದವು. ಅವನ ಪಕ್ಷದ ಅಭ್ಯರ್ಥಿಯ ಫೋಟೋದಲ್ಲಿ ಬಾಯಿ ಅರ್ಧ ತೆರೆದಿತ್ತು, ಕಣ್ಣುಗಳು ಅರ್ಧ ಮುಚ್ಚಿದ್ದವು, ಹಣೆಯ ಬೆವರಿನ ಮೇಲೆ ವೇದಿಕೆಯ ದೀಪ ಹೊಳೆಯುತ್ತಿತ್ತು, ಮೈಕಿನ ತಲೆ ಗಲ್ಲವನ್ನು ಮರೆಮಾಡಿತ್ತು, ಎತ್ತಿದ ತೋರುಬೆರಳು ಯಾರನ್ನೋ ಗದರಿಸುವಂತೆ ಕಾಣುತ್ತಿತ್ತು. ಎದುರಾಳಿಯ ಪುಟದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ನಸುನಗೆ, ಹಿಂದೆ ಮಸುಕಾದ ಹಸಿರು. “ಇದು ಬೇಕೆಂದೇ ಮಾಡಿದ್ದಲ್ಲದೆ ಮತ್ತೇನು? ಯಾರೋ ಕುಳಿತು ಆರಿಸಿ ಹಾಕಿದ್ದಾರೆ” ಎಂದು ಅವನು ಹೇಳಿದಾಗ ಅವನ ದನಿಯಲ್ಲಿದ್ದ ನೋವು ನಿಜವಾದದ್ದೇ ಆಗಿತ್ತು.

ನಾನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆ ಮೊದಲನೆಯ ಫೋಟೋವನ್ನು ತೆಗೆದವನೂ ಅಲ್ಲಿಗೆ ಏರಿಸಿದವನೂ ನಾನೇ ಆಗಿದ್ದೆ.

ಅದು ಎರಡು ವರ್ಷ ಹಿಂದೆ, ಉಪ್ಪಳದಲ್ಲಿ ನಡೆದ ಒಂದು ಸಭೆಯಲ್ಲಿ, ಮುಸ್ಸಂಜೆಯ ಹೊತ್ತಿಗೆ ತೆಗೆದ ಫೋಟೋ. ವೇದಿಕೆ ನನ್ನ ಎದೆಯಷ್ಟು ಎತ್ತರವಿತ್ತು. ನಾನು ಕೆಳಗೆ, ಜನರ ನಡುವೆ ನಿಂತಿದ್ದೆ. ಕೆಳಗಿನಿಂದ ಮೇಲಕ್ಕೆ ಹಿಡಿದ ಕ್ಯಾಮೆರಾದಲ್ಲಿ ಯಾರ ಮುಖವೂ ಸುಂದರವಾಗಿ ಬರುವುದಿಲ್ಲ ಎಂಬುದು ಮದುವೆ ಮನೆಯಲ್ಲಿ ಫೋಟೋ ತೆಗೆಯುವ ಹುಡುಗರಿಗೂ ಗೊತ್ತಿರುವ ವಿಷಯ. ಭಾಷಣ ಮಾಡುವವರ ಬಾಯಿ ಸದಾ ಯಾವುದೋ ಅಕ್ಷರದ ಮಧ್ಯದಲ್ಲಿರುತ್ತದೆ. ‘ಆ’ಕಾರದಲ್ಲಿ ಸಿಕ್ಕಿದರೆ ಅರಚಿದಂತೆ, ‘ಈ’ಕಾರದಲ್ಲಿ ಸಿಕ್ಕಿದರೆ ಹಲ್ಲು ಕಡಿದಂತೆ ತೋರುತ್ತದೆ. ಅಂದು ನಾನು ತೆಗೆದ ಸುಮಾರು 20 ಫೋಟೋಗಳಲ್ಲಿ ಮುಖ ಸ್ಪಷ್ಟವಾಗಿದ್ದುದು ಅದೊಂದೇ. ಅವರ ಪುಟದಲ್ಲಿ ಅಲ್ಲಿಯ ತನಕ ಫೋಟೋ ಇರಲಿಲ್ಲ. ಖಾಲಿ ಚೌಕಟ್ಟಿಗಿಂತ ಇದಾದರೂ ಇರಲಿ ಎಂದುಕೊಂಡು ಹಾಕಿದೆ. ಅವರ ಮೇಲೆ ನನಗೆ ಸಿಟ್ಟೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. ಇಷ್ಟನ್ನೂ ನಾನು ಅವನಿಗೆ ಹೇಳಿದೆ. ಅವನು ನಂಬಿದ; ಆದರೆ ಅವನು ಆಮೇಲೆ ಕೇಳಿದ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ: “ನಿಮ್ಮ ಮನಸ್ಸಿನಲ್ಲಿ ಏನೂ ಇರಲಿಲ್ಲ ಸರಿ. ನೋಡುವವನಿಗೆ ಅದು ಹೇಗೆ ಗೊತ್ತಾಗಬೇಕು ಮಾಷ್ಟ್ರೇ?”

ಪಕ್ಷಪಾತದ ಆರೋಪಗಳನ್ನು ನಾನು ಈಗ ನೋಡುವ ಬಗೆ ಆ ಪ್ರಶ್ನೆಯಿಂದ ಬಂದದ್ದು. ಅಭ್ಯರ್ಥಿಗಳ ಪುಟಗಳಲ್ಲಿ ಕಾಣುವ ಫೋಟೋಗಳ ಅಸಮಾನತೆಗೆ ಬಹುತೇಕ ಸಂದರ್ಭಗಳಲ್ಲಿ ಯಾರ ದುರುದ್ದೇಶವೂ ಕಾರಣವಲ್ಲ. ಯಾರ ಬಳಿ ಕ್ಯಾಮೆರಾ ಇತ್ತು, ಯಾರಿಗೆ ಪರವಾನಗಿಯ ದಾರಿ ಗೊತ್ತಿತ್ತು ಎಂಬುದಷ್ಟೇ ಕಾರಣ. ಹಾಗಿದ್ದರೂ ಫಲ ಮಾತ್ರ ಪಕ್ಷಪಾತದ್ದೇ ಆಗಿರುತ್ತದೆ. ಆದುದರಿಂದ “ನಾವು ಬೇಕೆಂದು ಮಾಡಿದ್ದಲ್ಲ” ಎಂದು ಹೇಳಿ ಸುಮ್ಮನಾಗುವ ಹಕ್ಕು ನಮ್ಮಂಥ ಸಂಪಾದಕರಿಗೆ ಇಲ್ಲ ಎಂದು ನಾನು ನಂಬಿದ್ದೇನೆ.

ಈ ಫೋಟೋಗಳು ಎಲ್ಲಿಂದ ಬರುತ್ತವೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನ ಅನುಮಾನಗಳು ಇದು ತಿಳಿಯದಿರುವುದರಿಂದಲೇ ಹುಟ್ಟುತ್ತವೆ. ವಿಕಿಪೀಡಿಯದ ಚಿತ್ರಗಳಲ್ಲಿ ಬಹುಪಾಲು 2004ರಲ್ಲಿ ಆರಂಭವಾದ ವಿಕಿಮೀಡಿಯ ಕಾಮನ್ಸ್ ಎಂಬ ಸಾಮಾನ್ಯ ಭಂಡಾರದಲ್ಲಿರುತ್ತವೆ. ಅಲ್ಲಿಗೆ ಸೇರಬೇಕಾದರೆ ಚಿತ್ರವು ಮುಕ್ತ ಪರವಾನಗಿಯಲ್ಲಿರಬೇಕು. ಅಂದರೆ ಯಾರು ಬೇಕಾದರೂ, ವ್ಯಾಪಾರಕ್ಕೂ ಸಹ, ಅದನ್ನು ಬಳಸಬಹುದೆಂದು ಹಕ್ಕುದಾರರೇ ಒಪ್ಪಿರಬೇಕು. ಪತ್ರಿಕೆಯಲ್ಲಿ ಬಂದ ಫೋಟೋ, ಪಕ್ಷದ ಫೇಸ್‌ಬುಕ್ ಪುಟದ ಫೋಟೋ, ಪೇಟೆಯ ಫ್ಲೆಕ್ಸಿನಲ್ಲಿ ನಗುತ್ತಿರುವ ಫೋಟೋ, ಇವು ಯಾವುವೂ ಸಲ್ಲುವುದಿಲ್ಲ. ತೀರಿಹೋದವರ ಪುಟಕ್ಕಾದರೆ ಇಂಗ್ಲಿಷ್ ವಿಕಿಪೀಡಿಯದಂಥ ಕೆಲವು ಆವೃತ್ತಿಗಳು ಹಕ್ಕುಸ್ವಾಮ್ಯವಿರುವ ಚಿತ್ರವೊಂದನ್ನು ಕಟ್ಟುನಿಟ್ಟಿನ ಷರತ್ತುಗಳೊಂದಿಗೆ ಬಳಸಲು ಬಿಡುತ್ತವೆ. ಬದುಕಿರುವವರಿಗೆ ಸಾಮಾನ್ಯವಾಗಿ ಆ ವಿನಾಯಿತಿ ಇಲ್ಲ. ಅವರು ನಡೆದಾಡುತ್ತಿದ್ದಾರೆ, ಯಾರಾದರೂ ಹೋಗಿ ಹೊಸ ಫೋಟೋ ತೆಗೆಯಬಹುದು ಎಂಬುದು ಅದರ ಹಿಂದಿನ ತರ್ಕ. 2007ರ ಮಾರ್ಚ್‌ನಲ್ಲಿ, ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನವು ಅಂಗೀಕರಿಸಿದ ನಿರ್ಣಯದಲ್ಲಿ ಈ ನಿಲುವು ಸ್ಪಷ್ಟವಾಗಿದೆ. ಅಭ್ಯರ್ಥಿಗಳು ಬದುಕಿರುವವರೇ ಆದ್ದರಿಂದ ಅವರ ವಿಷಯದಲ್ಲಿ ಈ ನಿಯಮಕ್ಕೆ ಸಡಿಲಿಕೆ ಇಲ್ಲವೆಂದೇ ಹೇಳಬಹುದು.

ಹೀಗಿರುವಾಗ ಯಾರ ಫೋಟೋ ಸುಲಭವಾಗಿ ಸಿಗುತ್ತದೆ? ಅಧಿಕಾರದಲ್ಲಿರುವವರದು. ಭಾರತ ಸರ್ಕಾರವು 2017ರಲ್ಲಿ ಮುಕ್ತ ದತ್ತಾಂಶ ಪರವಾನಗಿಯೊಂದನ್ನು ಪ್ರಕಟಿಸಿತು. ಅದರ ಆಧಾರದಲ್ಲಿ ಕೇಂದ್ರದ ವಾರ್ತಾ ಶಾಖೆಯಾದ ಪಿಐಬಿಯ ಚಿತ್ರಗಳನ್ನು ಕಾಮನ್ಸ್ ಸ್ವೀಕರಿಸುತ್ತದೆ. ಪರಿಣಾಮವಾಗಿ ಕೇಂದ್ರ ಸಚಿವರೊಬ್ಬರು ಚುನಾವಣೆಗೆ ನಿಂತರೆ ಅವರ ಪುಟಕ್ಕೆ ವೃತ್ತಿಪರ ಛಾಯಾಗ್ರಾಹಕರು ಒಳ್ಳೆಯ ಬೆಳಕಿನಲ್ಲಿ ತೆಗೆದ ಹತ್ತಾರು ಚಿತ್ರಗಳು ಸಿದ್ಧವಾಗಿರುತ್ತವೆ. ಅವರ ಎದುರು ನಿಂತವರಿಗೆ ನನ್ನಂಥವನು ವೇದಿಕೆಯ ಕೆಳಗಿನಿಂದ ತೆಗೆದದ್ದೇ ಗತಿ. ಅಮೆರಿಕದಲ್ಲಿಯೂ ಇದೇ ಕಥೆ. ಅಲ್ಲಿ ಒಕ್ಕೂಟ ಸರ್ಕಾರದ ನೌಕರರು ಕರ್ತವ್ಯದ ಭಾಗವಾಗಿ ತೆಗೆದ ಫೋಟೋಗಳಿಗೆ ಹಕ್ಕುಸ್ವಾಮ್ಯವೇ ಇಲ್ಲದ್ದರಿಂದ ಸಂಸತ್ತಿನ ಹಾಲಿ ಸದಸ್ಯರಿಗೆಲ್ಲ ಧ್ವಜದ ಮುಂದೆ ನಿಂತ ಅಧಿಕೃತ ಭಾವಚಿತ್ರವಿರುತ್ತದೆ, ಹೊಸದಾಗಿ ಸ್ಪರ್ಧಿಸುವವರಿಗೆ ಇರುವುದಿಲ್ಲ. ಆ ಕೊರತೆಯನ್ನು ಅಲ್ಲಿ ಬಹುಮಟ್ಟಿಗೆ ತುಂಬಿದವರು ಹವ್ಯಾಸಿಗಳು. ಗೇಜ್ ಸ್ಕಿಡ್‌ಮೋರ್ ಎಂಬ ಛಾಯಾಗ್ರಾಹಕರು ಎರಡೂ ಪಕ್ಷಗಳ ಸಭೆಗಳಿಗೆ ಹೋಗಿ, ತೆಗೆದ ಚಿತ್ರಗಳನ್ನು ಫ್ಲಿಕರ್ ತಾಣದಲ್ಲಿ ಮುಕ್ತ ಪರವಾನಗಿಯೊಂದಿಗೆ ಇಟ್ಟಿದ್ದರಿಂದ ಎಷ್ಟೋ ಅಭ್ಯರ್ಥಿಗಳ ಪುಟಗಳಿಗೆ ಮುಖ ಬಂತು. ನಮ್ಮ ಗಡಿನಾಡಿನಲ್ಲಿ ಅಂಥ ಹತ್ತು ಮಂದಿ ಇದ್ದಿದ್ದರೆ ಎಂದು ನಾನು ಅನೇಕ ಸಲ ಹಂಬಲಿಸಿದ್ದೇನೆ.

ಇನ್ನು ಆ ಎದುರಾಳಿಯ ನಸುನಗೆಯ ಫೋಟೋ ಬಂದದ್ದು ಹೇಗೆ? ಕಾಮನ್ಸಿನ ಕಡತ ಪುಟವನ್ನು ತೆರೆದು ನನ್ನ ವಿದ್ಯಾರ್ಥಿಗೆ ತೋರಿಸಿದೆ. ಅದು ಸ್ಟುಡಿಯೋದವರಿಂದ ತೆಗೆಸಿದ ಫೋಟೋ. ಹಣ ಕೊಟ್ಟು ತೆಗೆಸಿಕೊಂಡ ಭಾವಚಿತ್ರದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿಕೊಂಡವರದೇ ಎಂದು 1957ರ ನಮ್ಮ ಹಕ್ಕುಸ್ವಾಮ್ಯ ಕಾಯಿದೆಯ 17ನೇ ಕಲಮು ಹೇಳುತ್ತದೆ. ಆ ಅಭ್ಯರ್ಥಿಯ ಕಡೆಯವರಿಗೆ ಇದು ತಿಳಿದಿತ್ತು. ಅವರು ಅನುಮತಿಯ ಇಮೇಲನ್ನು ಕ್ರಮಬದ್ಧವಾಗಿ ಕಳುಹಿಸಿದ್ದರು, ವಿಕಿಮೀಡಿಯದ ಸ್ವಯಂಸೇವಕರು ಅದನ್ನು ಪರಿಶೀಲಿಸಿ ಮುದ್ರೆ ಒತ್ತಿದ್ದರು. ನನ್ನ ವಿದ್ಯಾರ್ಥಿಯ ಪಕ್ಷದವರೂ ಒಮ್ಮೆ ಪ್ರಯತ್ನಿಸಿದ್ದರಂತೆ. ವಾಟ್ಸ್ಯಾಪಿನಲ್ಲಿ ಕೈಯಿಂದ ಕೈಗೆ ಬಂದ ಒಂದು ಚಿಕ್ಕ ಫೋಟೋವನ್ನು ‘ನನ್ನದೇ ಕೃತಿ’ ಎಂದು ಗುರುತು ಹಾಕಿ ಏರಿಸಿದ್ದರು; ಅದು ಕೆಲವೇ ದಿನಗಳಲ್ಲಿ ಅಳಿಸಿಹೋಯಿತು. ವಾಟ್ಸ್ಯಾಪಿನ ಮೂಲಕ ಹೋದ ಫೋಟೋದಲ್ಲಿ ಕ್ಯಾಮೆರಾದ ಹೆಸರು, ತೆಗೆದ ದಿನಾಂಕ ಮೊದಲಾದ ಅಡಕ ಮಾಹಿತಿ ಉಳಿಯುವುದಿಲ್ಲ, ಗಾತ್ರವೂ ಕುಗ್ಗಿರುತ್ತದೆ. ಕಾಮನ್ಸಿನ ಕಾವಲಿಗರು ಅಂಥದನ್ನು ಕಂಡಾಗ ಎಲ್ಲಿಂದಲೋ ತೆಗೆದುಕೊಂಡದ್ದೆಂದು ಸಹಜವಾಗಿಯೇ ಅನುಮಾನಿಸುತ್ತಾರೆ. ಅಳಿಸಿದವರು ಯಾವ ದೇಶದವರೋ, ಅವರಿಗೆ ನಮ್ಮ ಕ್ಷೇತ್ರವಾದ ಮಂಜೇಶ್ವರ ಎಲ್ಲಿದೆ ಎಂಬುದೂ ಗೊತ್ತಿರಲಿಕ್ಕಿಲ್ಲ. ಆದರೆ ಇಲ್ಲಿ ಹಬ್ಬಿದ ಸುದ್ದಿ, “ನಮ್ಮ ಫೋಟೋ ತೆಗೆದುಹಾಕಿದರು, ಅವರದನ್ನು ಉಳಿಸಿಕೊಂಡರು” ಎಂಬುದಾಗಿತ್ತು.

ಗೂಗಲಿನಲ್ಲಿ ಹೆಸರು ಹುಡುಕಿದಾಗ ಪಕ್ಕದಲ್ಲಿ ಕಾಣುವ ಪೆಟ್ಟಿಗೆಯ ಬಗೆಗೂ ಒಂದು ಮಾತು ಹೇಳಬೇಕು. ಅದರ ಬರಹ ವಿಕಿಪೀಡಿಯದ್ದಾಗಿದ್ದರೂ ಫೋಟೋ ಬೇರೆಲ್ಲಿಂದಲೋ ಬಂದಿರಬಹುದು. ಅದರ ದೂರುಗಳೂ ನಮ್ಮ ಬಾಗಿಲಿಗೇ ಬರುತ್ತವೆ.

ಮುಖಕ್ಕೆ ಇಷ್ಟು ಮಹತ್ವ ಏಕೆ ಎಂದು ಕೇಳುವವರಿದ್ದಾರೆ. 2005ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಮೆರಿಕದ ಸಂಸತ್ತಿನ ಅಭ್ಯರ್ಥಿಗಳ ಫೋಟೋಗಳನ್ನು ಎರಡೆರಡಾಗಿ ಜನರಿಗೆ ತೋರಿಸಿ, ಯಾರು ಹೆಚ್ಚು ಸಮರ್ಥರಾಗಿ ಕಾಣುತ್ತಾರೆ ಎಂದು ಮಾತ್ರ ಕೇಳಲಾಯಿತು. ಅಭ್ಯರ್ಥಿಗಳ ಹೆಸರಾಗಲಿ ಪಕ್ಷವಾಗಲಿ ನೋಡುವವರಿಗೆ ಗೊತ್ತಿರಲಿಲ್ಲ; ಮುಖ ಪರಿಚಿತವೆಂದು ಹೇಳಿದವರ ಉತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆದರೂ ಸೆನೆಟ್ ಸ್ಪರ್ಧೆಗಳಲ್ಲಿ ಸುಮಾರು ಶೇಕಡಾ 70ರಷ್ಟು ಸಲ ಹಾಗೆ ಆರಿಸಿದ ಮುಖವೇ ಗೆದ್ದವರದಾಗಿತ್ತು. ಮುಖದಿಂದಲೇ ಮತ ಬಿತ್ತು ಎಂದು ಇದರಿಂದ ಹೇಳಲಾಗದು. ಆದರೆ ಒಂದು ಕ್ಷಣದ ನೋಟದಲ್ಲಿಯೇ ನಾವು ಒಬ್ಬರ ಸಾಮರ್ಥ್ಯವನ್ನು ಅಳೆದುಬಿಡುತ್ತೇವೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ನನಗೆ ಬೇಕಿಲ್ಲ. ಬಾಯಿ ತೆರೆದು ಬೆರಳೆತ್ತಿದ ಆ ಫೋಟೋ ಎರಡು ವರ್ಷಗಳ ಕಾಲ, ಆ ಹೆಸರನ್ನು ಹುಡುಕಿದ ಪ್ರತಿಯೊಬ್ಬರಿಗೂ ಏನನ್ನೋ ಹೇಳುತ್ತ ಇತ್ತು.

ನಮ್ಮ ಚುನಾವಣಾ ಆಯೋಗಕ್ಕೆ ಈ ವಿಷಯದಲ್ಲಿ ಇರುವ ಎಚ್ಚರವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಒಂದೇ ಬಗೆಯ ಹೆಸರುಳ್ಳ ಅಭ್ಯರ್ಥಿಗಳಿಂದ ಮತದಾರರು ಗೊಂದಲಕ್ಕೆ ಒಳಗಾಗಬಾರದೆಂದು 2015ರ ಮೇ 1ರ ನಂತರದ ಚುನಾವಣೆಗಳಲ್ಲಿ ಮತಪತ್ರದ ಮೇಲೆ ಅಭ್ಯರ್ಥಿಯ ಫೋಟೋ ಮುದ್ರಿಸಬೇಕೆಂದು ಆಯೋಗ ನಿರ್ಧರಿಸಿತು. ಆ ಫೋಟೋ ಹೇಗಿರಬೇಕೆಂಬ ಸೂಚನೆಯನ್ನು ಓದಿದರೆ ಎಷ್ಟು ಯೋಚಿಸಿ ಬರೆದಿದ್ದಾರೆಂದು ತಿಳಿಯುತ್ತದೆ: ಅಗಲ 2 ಸೆಂಟಿಮೀಟರ್, ಎತ್ತರ 2.5 ಸೆಂಟಿಮೀಟರ್, ಹಿನ್ನೆಲೆ ಬಿಳಿ ಅಥವಾ ಮಾಸಲು ಬಿಳಿ, ಮುಖ ನೇರವಾಗಿ ಕ್ಯಾಮೆರಾದ ಕಡೆಗೆ, ಕಣ್ಣು ತೆರೆದಿರಬೇಕು, ಮುಖಭಾವ ನಿರ್ವಿಕಾರವಾಗಿರಬೇಕು, ಸಮವಸ್ತ್ರ ಕೂಡದು, ಟೋಪಿ, ಕಪ್ಪು ಕನ್ನಡಕ ಬೇಡ, ಅಧಿಸೂಚನೆಗೆ ಹಿಂದಿನ ಮೂರು ತಿಂಗಳೊಳಗೆ ತೆಗೆದದ್ದಾಗಿರಬೇಕು. 2025ರ ಸೆಪ್ಟೆಂಬರಿನಲ್ಲಿ ಆಯೋಗವು ಇದನ್ನು ಇನ್ನಷ್ಟು ತಿದ್ದಿ, ಬಿಹಾರದ ಚುನಾವಣೆಯಿಂದ ಮೊದಲ್ಗೊಂಡು ಫೋಟೋ ಬಣ್ಣದ್ದಾಗಿರಬೇಕು, ಅದರ ಮುಕ್ಕಾಲು ಭಾಗವನ್ನು ಮುಖವೇ ತುಂಬಿರಬೇಕು ಎಂದಿತು. ಅಂದರೆ ಮತಯಂತ್ರದ ಮುಂದೆ ನಿಂತವನಿಗೆ ಎಲ್ಲ ಮುಖಗಳೂ ಒಂದೇ ಬೆಳಕಿನಲ್ಲಿ, ಒಂದೇ ಅಳತೆಯಲ್ಲಿ ಕಾಣಿಸುತ್ತವೆ. ಅದೇ ಮತದಾರ ಹಿಂದಿನ ರಾತ್ರಿ ಮೊಬೈಲಿನಲ್ಲಿ ನೋಡಿದ ಪುಟಗಳಿಗೆ ಇಂಥ ಅಳತೆಗೋಲು ಯಾವುದೂ ಇಲ್ಲ.

ಅಳತೆಗೋಲು ಇಲ್ಲದಿದ್ದರೂ ನಿಯಮ ಇಲ್ಲವೆಂದಲ್ಲ. 2005ರಲ್ಲಿ ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರ ಇಂಗ್ಲಿಷ್ ವಿಕಿಪೀಡಿಯ ಪುಟದಲ್ಲಿ, ಕೆನಡಿಯವರ ಕೊಲೆಯೊಂದಿಗೆ ಅವರ ಹೆಸರನ್ನು ತಳಕು ಹಾಕುವ ಹಸಿ ಸುಳ್ಳೊಂದು ನಾಲ್ಕು ತಿಂಗಳಷ್ಟು ಕಾಲ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಆ ಪ್ರಕರಣದ ಬಳಿಕ ಬದುಕಿರುವವರ ಕುರಿತ ಬರಹಗಳಿಗೆ ಕಠಿಣ ನೀತಿ ಬಂತು. ವ್ಯಕ್ತಿಯನ್ನು ತಪ್ಪಾಗಿ ಅಥವಾ ಹೀನವಾಗಿ ಬಿಂಬಿಸುವಂತೆ ಸಂದರ್ಭ ತಪ್ಪಿಸಿ ಚಿತ್ರವನ್ನು ಬಳಸಬಾರದು ಎಂಬ ಮಾತೂ ಅದರಲ್ಲಿ ಸೇರಿದೆ. ಪುಟವಿನ್ಯಾಸದ ಕೈಪಿಡಿಯಲ್ಲಿ ನನಗೆ ತುಂಬ ಹಿಡಿಸಿದ ಒಂದು ಸೂಕ್ಷ್ಮವೂ ಇದೆ: ಚಿತ್ರದಲ್ಲಿರುವವರ ನೋಟ ಬರಹದ ಕಡೆಗಿದ್ದರೆ ಒಳ್ಳೆಯದು, ಆದರೆ ಅದಕ್ಕಾಗಿ ಚಿತ್ರವನ್ನು ಎಡಬಲ ತಿರುಗಿಸಬಾರದು. ತಿರುಗಿಸಿದರೆ ಎಡ ಹೆಗಲ ಶಾಲು ಬಲಕ್ಕೆ ಹೋಗುತ್ತದೆ, ಬೈತಲೆ ಬದಲಾಗುತ್ತದೆ, ಕೆನ್ನೆಯ ಮಚ್ಚೆ ಜಾಗ ತಪ್ಪುತ್ತದೆ. ಊರಿನವರಿಗೆ ಅದು ಕೂಡಲೇ ಗೊತ್ತಾಗುತ್ತದೆ. ಇಷ್ಟು ಚಿಕ್ಕ ಸತ್ಯವನ್ನೂ ಕಾಯಬೇಕೆಂದು ಬಯಸುವ ವಿಶ್ವಕೋಶವು ಬೆರಳೆತ್ತಿದ ಫೋಟೋ ಹಾಕಿದ ನನ್ನನ್ನು ಎಚ್ಚರಿಸಬೇಕಿತ್ತು. ಎಚ್ಚರಿಸಲು ಆ ಪುಟವನ್ನು ನೋಡುವ ಇನ್ನೊಬ್ಬ ಸಂಪಾದಕನೇ ಇರಲಿಲ್ಲ. 2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯದಲ್ಲಿ ಇಂದಿಗೂ ನಿತ್ಯ ದುಡಿಯುವ ಕೈಗಳು ಕಡಿಮೆ. ಗಡಿಯಾಚೆಯ ಒಂದು ಕ್ಷೇತ್ರದ ಪುಟಗಳನ್ನು, ಬದಲಾವಣೆಗಳ ಮೇಲೆ ಕಣ್ಣಿಡಲು ಇರುವ ವೀಕ್ಷಣಾಪಟ್ಟಿಯಲ್ಲಿ ಇಟ್ಟುಕೊಂಡವರು ಇನ್ನೂ ಕಡಿಮೆ.

ಫೋಟೋಗಿಂತ ದೊಡ್ಡ ಅಸಮಾನತೆ ಪುಟ ಇರುವುದು ಮತ್ತು ಇಲ್ಲದಿರುವುದರಲ್ಲಿದೆ ಎಂಬುದನ್ನೂ ಇಲ್ಲಿ ಹೇಳಬೇಕು. ಇಂಗ್ಲಿಷ್ ವಿಕಿಪೀಡಿಯದ ನಿಯಮದಂತೆ ಶಾಸಕರಾಗಿ ಆಯ್ಕೆಯಾದವರು ಪುಟಕ್ಕೆ ಅರ್ಹರೆಂದೇ ಭಾವಿಸಲಾಗುತ್ತದೆ. ಸ್ಪರ್ಧಿಸಿದ್ದು ಮಾತ್ರವೇ ಅರ್ಹತೆಯಾಗುವುದಿಲ್ಲ. ಮಂಜೇಶ್ವರದಲ್ಲಿ 2016ರಲ್ಲಿ ಪಿ.ಬಿ. ಅಬ್ದುಲ್ ರಜಾಕ್ ಅವರು ಕೆ. ಸುರೇಂದ್ರನ್ ಅವರ ಎದುರು ಗೆದ್ದದ್ದು 89 ಮತಗಳಿಂದ. 2021ರಲ್ಲಿ ಅದೇ ಸುರೇಂದ್ರನ್ ಅವರ ಎದುರು ಎ.ಕೆ.ಎಂ. ಅಶ್ರಫ್ ಗೆದ್ದದ್ದು 745 ಮತಗಳಿಂದ. ಸುರೇಂದ್ರನ್ ಅವರು ತಮ್ಮ ಪಕ್ಷದ ರಾಜ್ಯಾಧ್ಯಕ್ಷರಾಗಿದ್ದವರು, ಅವರ ಪುಟಕ್ಕೆ ಬೇರೆ ಆಧಾರಗಳು ಬೇಕಾದಷ್ಟಿವೆ. ಆದರೆ ಅವರ ಜಾಗದಲ್ಲಿ ಮೊದಲ ಸಲ ನಿಂತ ಒಬ್ಬ ಅಧ್ಯಾಪಕಿಯನ್ನೋ ಕೃಷಿಕನನ್ನೋ ಊಹಿಸಿಕೊಳ್ಳಿ: 89 ಮತಗಳ ಈಚೆ ಪೂರ್ಣ ಪುಟ, ಮುಂದಿನ ಐದು ವರ್ಷಗಳಲ್ಲಿ ಹತ್ತಾರು ಫೋಟೋಗಳು; ಆಚೆ ಏನೂ ಇಲ್ಲ. ಮುಂದಿನ ಚುನಾವಣೆಗೆ ಇಬ್ಬರೂ ಮತ್ತೆ ನಿಂತಾಗ ಮತದಾರ ಹುಡುಕುತ್ತಾನೆ, ಒಬ್ಬರೇ ಸಿಗುತ್ತಾರೆ. ಪ್ರಚಾರಕ್ಕಾಗಿಯೇ ಪುಟ ಬರೆಸಿಕೊಳ್ಳುವವರನ್ನು ತಡೆಯಲು ಈ ನಿಯಮ ಬೇಕೆಂಬುದನ್ನು ನಾನು ಒಪ್ಪುತ್ತೇನೆ. ಅದಕ್ಕೆ ಪರಿಹಾರವಾಗಿ ಕ್ಷೇತ್ರದ ಪುಟವನ್ನೇ ಚೆನ್ನಾಗಿ ಬೆಳೆಸಿ, ಎಲ್ಲ ಅಭ್ಯರ್ಥಿಗಳ ಹೆಸರು, ಪಕ್ಷ, ಮತಗಳನ್ನು ಆಯೋಗದ ಅಂಕಿಅಂಶಗಳಿಂದ ತುಂಬುವುದು ನಾನು ಈಗ ಮೊದಲು ಮಾಡುವ ಕೆಲಸ.

ನನ್ನ ವಿದ್ಯಾರ್ಥಿಯ ಕಡೆಗೆ ಮರಳುತ್ತೇನೆ. ಚರ್ಚಾಪುಟದಲ್ಲಿ ಬರೆ ಎಂದು ನಾನು ಹೇಳುವುದರೊಳಗೆ ಅವನ ಗೆಳೆಯರು ಫೋಟೋವನ್ನು ಕಿತ್ತು ಹಾಕಿದ್ದರು. ಎದುರು ಪಕ್ಷದ ಯಾರೋ ಮರಳಿ ಹಾಕಿದರು. ಒಂದು ರಾತ್ರಿಯೆಲ್ಲ ಹೀಗೆಯೇ ನಡೆದು ಬೆಳಗ್ಗೆ, ಅವರಾರೂ ತಿದ್ದದಂತೆ, ಪುಟಕ್ಕೆ ಬೀಗ ಬಿತ್ತು. ಆ ಬೀಗವನ್ನೂ ಇಬ್ಬರೂ ಪಕ್ಷಪಾತವೆಂದೇ ಕರೆದರು.

ನಾನು ಅವನಿಗೆ ಹೇಳಿದ್ದು ಇಷ್ಟೇ: “ನಿಮ್ಮ ಅಭ್ಯರ್ಥಿಯನ್ನು ಹತ್ತು ನಿಮಿಷ ನನಗೆ ಕೊಡು.” ಎರಡು ದಿನ ಕಳೆದು ಬೆಳಗ್ಗೆ 7 ಗಂಟೆಗೆ, ಪೈವಳಿಕೆಯ ಕಡೆಯ ಒಂದು ಮನೆಯಲ್ಲಿ ಅವರು ಪ್ರಚಾರದ ಜೀಪು ಹತ್ತುವ ಮೊದಲು ಸಿಕ್ಕಿದರು. ಅಡಿಕೆ ಒಣಗಿಸುವ ಅಂಗಳದ ಅಂಚಿನಲ್ಲಿ, ಸೂರ್ಯನ ಬೆಳಕು ನೇರವಾಗಿ ಬೀಳದ ಕಡೆ, ಸುಣ್ಣ ಬಳಿದ ಗೋಡೆಯ ಮುಂದೆ ನಿಲ್ಲಿಸಿ, ಅವರ ಕಣ್ಣಿನ ಎತ್ತರಕ್ಕೆ ಕ್ಯಾಮೆರಾ ಹಿಡಿದು ತೆಗೆದೆ. ನಗಬೇಕೇ ಎಂದು ಅವರು ಕೇಳಿದರು. ಬೇಡ, ಯಾರಾದರೂ ಅಹವಾಲು ಹೇಳುವಾಗ ಕೇಳಿಸಿಕೊಳ್ಳುವ ಹಾಗೆ ಇರಿ ಎಂದೆ. ಪಕ್ಷದ ಶಾಲನ್ನು ತೆಗೆದಿಡಲು ಕೇಳಿಕೊಂಡೆ. ಸ್ವಲ್ಪ ಯೋಚಿಸಿ ತೆಗೆದಿಟ್ಟರು. ಆಗ ಅವರು, “ಆ ಹಳೆಯ ಫೋಟೋ ನೋಡಿ ನನ್ನ ಮಗಳು ಅತ್ತಿದ್ದಳು” ಎಂದರು. ಅದನ್ನು ತೆಗೆದವನು ನಾನೆಂದು ಹೇಳಿ ಅವರ ಕ್ಷಮೆ ಕೇಳಿದೆ. ಅವರು ನನ್ನ ಕೈ ಹಿಡಿದು, “ನೀವು ಬಂದಿರಲ್ಲ, ಸಾಕು” ಎಂದು ಜೀಪು ಹತ್ತಿದರು.

ಆ ಫೋಟೋವನ್ನು ಹಾಕುವುದು ಸುಲಭದ ನಿರ್ಧಾರವಾಗಿರಲಿಲ್ಲ. ಚುನಾವಣೆಗೆ ಹತ್ತೇ ದಿನವಿರುವಾಗ ಒಬ್ಬ ಅಭ್ಯರ್ಥಿಯ ಚಿತ್ರವನ್ನು ಉತ್ತಮಗೊಳಿಸುವುದೇ ಒಂದು ಬಗೆಯ ಪ್ರಚಾರವಲ್ಲವೇ ಎಂಬ ಅಳುಕು ನನ್ನನ್ನು ಕಾಡಿತು. ಹಾಕದೆ ಬಿಟ್ಟರೆ ಹಳೆಯ ಅನ್ಯಾಯ ಮತದಾನದ ದಿನದವರೆಗೂ ಮುಂದುವರಿಯುತ್ತದೆ. ಕೊನೆಗೆ ಎರಡೂ ಫೋಟೋಗಳನ್ನು ಚರ್ಚಾಪುಟದಲ್ಲಿ ಅಕ್ಕಪಕ್ಕ ಇಟ್ಟು, ಮೊದಲನೆಯದನ್ನು ತೆಗೆದವನು ನಾನೇ, ಎರಡನೆಯದನ್ನು ಅಭ್ಯರ್ಥಿಯ ಒಪ್ಪಿಗೆಯಿಂದ ಅವರ ಕಡೆಯವರ ಕೋರಿಕೆಯ ಮೇಲೆ ತೆಗೆದೆ, ಇದಕ್ಕೆ ಹಣ ಪಡೆದಿಲ್ಲ ಎಂದು ಬರೆದೆ. ಸಂಪಾದಕರೆಲ್ಲ ಸೇರಿ ಚರ್ಚಿಸುವ, ಕನ್ನಡ ವಿಕಿಪೀಡಿಯದ ‘ಅರಳಿಕಟ್ಟೆ’ ಎಂಬ ಪುಟದಲ್ಲಿಯೂ ವಿಷಯ ತಿಳಿಸಿದೆ. ಮೂರು ದಿನ ಕಾದ ಮೇಲೆ, ಯಾರೂ ಆಕ್ಷೇಪಿಸದಿದ್ದುದರಿಂದ, ನಿರ್ವಾಹಕರೊಬ್ಬರು ಬದಲಾಯಿಸಿದರು. ಎದುರಾಳಿಗೂ ಅದೇ ರೀತಿಯ ಫೋಟೋ ತೆಗೆದುಕೊಡುತ್ತೇನೆಂದು ಅವರ ಕಚೇರಿಗೆ ಹೋಗಿ ಕೇಳಿದ್ದೆ; ಇರುವ ಫೋಟೋ ಸಾಕೆಂದರು. 1951ರ ಪ್ರಜಾಪ್ರತಿನಿಧಿ ಕಾಯಿದೆಯ 126ನೇ ಕಲಮು ಮತದಾನ ಮುಗಿಯುವುದಕ್ಕೆ ಹಿಂದಿನ 48 ಗಂಟೆಗಳಲ್ಲಿ ಬಹಿರಂಗ ಪ್ರಚಾರವನ್ನು ನಿಷೇಧಿಸುತ್ತದೆ. ಅದು ವಿಕಿಪೀಡಿಯವನ್ನು ಗಮನದಲ್ಲಿಟ್ಟು ಬರೆದ ಕಾನೂನಲ್ಲ. ಆದರೂ ಆ 48 ಗಂಟೆಗಳಲ್ಲಿ ಯಾವ ಅಭ್ಯರ್ಥಿಯ ಪುಟವನ್ನೂ, ಯಾರಾದರೂ ಬೈಗುಳ ಬರೆದಿದ್ದರೆ ಅಳಿಸುವುದರ ಹೊರತು, ಮುಟ್ಟಬಾರದೆಂದು ನಾನು ನನಗೇ ಹಾಕಿಕೊಂಡ ಕಟ್ಟುಪಾಡನ್ನು ಅಂದಿನಿಂದ ಪಾಲಿಸುತ್ತಿದ್ದೇನೆ.

ನಮ್ಮ ಜಿಲ್ಲೆಯವರಿಗೆ ಮಾತ್ರ ಎದುರಾಗುವ ಇನ್ನೊಂದು ತೊಡಕಿದೆ. ಒಬ್ಬನೇ ಅಭ್ಯರ್ಥಿಯ ಪುಟ ಇಲ್ಲಿ ಮಲಯಾಳದಲ್ಲಿ, ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, 2016ರಿಂದೀಚೆಗೆ ಸ್ವತಂತ್ರ ತಾಣವಾಗಿರುವ ತುಳು ವಿಕಿಪೀಡಿಯದಲ್ಲಿ ಕೂಡ ಇರಬಹುದು, ಪ್ರತಿಯೊಂದರಲ್ಲಿಯೂ ಫೋಟೋ ಬೇರೆಯಾಗಿರಬಹುದು. ಮಲಯಾಳ ಓದುವ ನೆರೆಯವನು ಒಂದು ಮುಖವನ್ನು ನೋಡುತ್ತಾನೆ, ಕನ್ನಡ ಓದುವ ನಾನು ಇನ್ನೊಂದನ್ನು. ಪುಟದ ಬದಿಯಲ್ಲಿರುವ ಕೆಲವು ಮಾಹಿತಿಚೌಕಟ್ಟುಗಳು, ಎಲ್ಲ ಭಾಷೆಗಳ ವಿಕಿಪೀಡಿಯಗಳೂ ಬಳಸಬಹುದಾದ, 2012ರಲ್ಲಿ ಆರಂಭವಾದ ವಿಕಿಡೇಟಾ ಎಂಬ ಮಾಹಿತಿಕೋಶದಿಂದ ಚಿತ್ರವನ್ನು ತಾವೇ ಎಳೆದುಕೊಳ್ಳುತ್ತವೆ. ಅಲ್ಲಿ ಒಬ್ಬರು ಒಂದು ಸಾಲು ತಿದ್ದಿದರೆ ಹಲವು ಭಾಷೆಗಳಲ್ಲಿ ಮುಖ ಬದಲಾಗುತ್ತದೆ, ಕನ್ನಡ ಪುಟದ ಇತಿಹಾಸದಲ್ಲಿ ಮಾತ್ರ ಆ ಬದಲಾವಣೆಯ ಗುರುತು ಸಿಗುವುದಿಲ್ಲ. “ಯಾರೂ ಮುಟ್ಟದೆ ಫೋಟೋ ಬದಲಾಗಿದೆ” ಎಂದು ಗಾಬರಿಯಾದವರಿಗೆ ನಾನು ಇದನ್ನು ಹಲವು ಸಲ ವಿವರಿಸಿದ್ದೇನೆ. ಬರಹದಲ್ಲಿಯೂ ಹೀಗೆಯೇ. 2021ರಲ್ಲಿ ಅಶ್ರಫ್ ಅವರು ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದ್ದು ಇಲ್ಲಿನ ಕನ್ನಡಿಗರಿಗೆ, ಅವರಿಗೆ ಮತ ಹಾಕದವರಿಗೂ, ಮೊದಲ ಸಾಲುಗಳಲ್ಲಿ ಬರಬೇಕಾದ ಸಂಗತಿ; ಬೇರೆ ಭಾಷೆಯ ಸಂಪಾದಕನಿಗೆ ಅದು ಹಾಗೆ ಅನ್ನಿಸಬೇಕೆಂದಿಲ್ಲ. ಅದನ್ನು ಪಕ್ಷಪಾತ ಎನ್ನಲು ನನಗೆ ಮನಸ್ಸಿಲ್ಲ. ಆದರೆ ನಮ್ಮ ಪುಟದಲ್ಲಿ ನಾವು ಅದನ್ನು ಬರೆಯದಿದ್ದರೆ ಬೇರೆಯವರನ್ನು ದೂರುವಂತಿಲ್ಲ.

ಈಗಿನ ಅಭ್ಯರ್ಥಿಗಳಿಗಾದರೂ ಫೋಟೋ ತೆಗೆಯಲು ಅವಕಾಶವಿದೆ. ನನ್ನನ್ನು ಹೆಚ್ಚು ಕಾಡುವುದು ಹಿಂದಿನವರ ಮುಖಗಳು. ರಾಜ್ಯಗಳ ಪುನರ್ವಿಂಗಡಣೆಯ ಮರುವರ್ಷ, 1957ರಲ್ಲಿ, ಕೇರಳದ ಮೊದಲ ವಿಧಾನಸಭೆಗೆ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವರು ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. ಕಾಸರಗೋಡು ಕನ್ನಡನಾಡಿಗೆ ಸೇರಬೇಕೆಂಬ ಆಗಿನ ಕಾವು ಎಂಥದಿತ್ತೆಂದು ಹೇಳಲು ಆ ಒಂದು ಸಂಗತಿ ಸಾಕು. ಎದುರಾಳಿಯೇ ಇಲ್ಲದ್ದರಿಂದ ಅಲ್ಲಿ ವಿಧಾನಸಭೆಗೆ ಮತ ಹಾಕುವ ಪ್ರಸಂಗವೇ ಬರಲಿಲ್ಲ, ಹೀಗಾಗಿ ಅವರ ಮುಖವಿರುವ ಪ್ರಚಾರಪತ್ರ ಎಲ್ಲಾದರೂ ಉಳಿದಿರುವ ಸಂಭವವೂ ಕಡಿಮೆ. ಅವರ ಬಳಿಕ 1960 ಮತ್ತು 1967ರಲ್ಲಿ ಗೆದ್ದ ಕೆ. ಮಹಾಬಲ ಭಂಡಾರಿ, 1980 ಮತ್ತು 1982ರಲ್ಲಿ ಗೆದ್ದ ಡಾ. ಎ. ಸುಬ್ಬರಾವ್, ಲೋಕಸಭೆಯಲ್ಲಿ ಕಾಸರಗೋಡನ್ನು ಪ್ರತಿನಿಧಿಸಿದ ಎಂ. ರಾಮಣ್ಣ ರೈ, ಇವರೆಲ್ಲ ಕನ್ನಡ ಮಾತನಾಡುವ ಈ ನೆಲದ ರಾಜಕೀಯವನ್ನು ಬೇರೆ ಬೇರೆ ನಿಲುವುಗಳಿಂದ ನಡೆಸಿದವರು. ಕಾಮನ್ಸಿಗೆ ಸಲ್ಲುವಂಥ ಇವರ ಒಂದು ಒಳ್ಳೆಯ ಫೋಟೋಕ್ಕಾಗಿ ನಾನು ಕಾಸರಗೋಡಿನ ಹಳೆಯ ಸ್ಟುಡಿಯೋಗಳನ್ನೂ, ಗ್ರಂಥಾಲಯಗಳನ್ನೂ, ಹಲವು ಮನೆಗಳ ಚಾವಡಿಗಳನ್ನೂ ಸುತ್ತಿದ್ದೇನೆ. ಗೋಡೆಯ ಮೇಲೆ ಮಾಲೆ ಹಾಕಿದ ಚಿತ್ರಗಳು ಒಂದೆರಡು ಸಿಕ್ಕಿವೆ. ತೆಗೆದವರು ಯಾರು, ಯಾವ ವರ್ಷ ಎಂಬುದು ಮನೆಯವರಿಗೂ ತಿಳಿಯದು.

1958ಕ್ಕೆ ಮೊದಲು ಭಾರತದಲ್ಲಿ ತೆಗೆದ ಫೋಟೋಗಳಿಗೆ ಹಳೆಯ ಕಾಯಿದೆಯ ಪ್ರಕಾರ, ತೆಗೆದಂದಿನಿಂದ 50 ವರ್ಷಗಳವರೆಗೆ ಮಾತ್ರ ಹಕ್ಕುಸ್ವಾಮ್ಯವಿತ್ತು. ಆದ್ದರಿಂದ ಅವು ಇಂದು ಭಾರತದಲ್ಲಿ ಸಾರ್ವಜನಿಕ ಸ್ವತ್ತು. ಉಮೇಶ ರಾವ್ ಅವರ ಆಯ್ಕೆಯ ವರ್ಷದ ಫೋಟೋ ಸಿಕ್ಕಿದರೆ ನಮ್ಮ ಕಾನೂನಿನ ಪ್ರಕಾರ ಯಾರ ಅನುಮತಿಯೂ ಬೇಕಾಗುವುದಿಲ್ಲ, ಆದರೆ ಅದು ಆ ಕಾಲದ್ದೆಂದು ತೋರಿಸಬೇಕು. ಇದನ್ನು ಓದುತ್ತಿರುವವರಲ್ಲಿ ಯಾರ ಮನೆಯ ಹಳೆಯ ಆಲ್ಬಮ್ಮಿನಲ್ಲಾದರೂ 1957ರ ಮಂಜೇಶ್ವರದ ಸಭೆ, ಸನ್ಮಾನ, ಶಾಲೆಯ ವಾರ್ಷಿಕೋತ್ಸವದ ಗುಂಪು ಫೋಟೋ ಇದ್ದರೆ, ದಯವಿಟ್ಟು ಅದನ್ನು ಅಂಟಿಸಿದ ಹಾಳೆಯಿಂದ ಬಲವಂತವಾಗಿ ಕೀಳಬೇಡಿ. ಇದ್ದ ಹಾಗೆಯೇ ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ, ಹಿಂಬದಿ ಕಾಣುವಂತಿದ್ದರೆ ಅಲ್ಲಿ ಬರೆದಿರುವ ಹೆಸರು, ತಾರೀಕು, ಸ್ಟುಡಿಯೋದ ಮುದ್ರೆ ಏನಿದ್ದರೂ ಅದರದ್ದೂ ಒಂದು ತೆಗೆಯಿರಿ. ಗುಂಪಿನಲ್ಲಿರುವ ಉಳಿದವರ ಗುರುತು ಹೇಳಬಲ್ಲ ಅಜ್ಜ-ಅಜ್ಜಿಯರು ಮನೆಯಲ್ಲಿದ್ದರೆ, ಎಡದಿಂದ ಬಲಕ್ಕೆ ಅವರ ಬಾಯಿಂದಲೇ ಹೆಸರುಗಳನ್ನು ಬರೆದುಕೊಳ್ಳಿ. ಮುಂದಿನ ಶನಿವಾರ ನಾನು ಮತ್ತು ಆ ನನ್ನ ವಿದ್ಯಾರ್ಥಿ ಹೊಸಂಗಡಿಯ ಕಡೆಯ ಎರಡು ಮನೆಗಳಿಗೆ ಇದೇ ಕೆಲಸಕ್ಕಾಗಿ ಹೋಗುವವರಿದ್ದೇವೆ. ಸ್ಕ್ಯಾನರನ್ನು ಅವನೇ ತರುತ್ತೇನೆ ಎಂದಿದ್ದಾನೆ.